ಹೊಸ ಟೈರ್ ಹಾಕಿಸಿದರೆ ಚಕ್ರಕ್ಕೆ ಗೀರು ಬೀಳಲೇಬೇಕಾ?

ಮಾನ್ಯ ಸಂಪಾದಕರೇ,

ಕಾರುಗಳ ಬಗ್ಗೆ ಪತ್ರಿಕೆಗಳಲ್ಲಿ ಬೇಕಾದಷ್ಟು ಬರುತ್ತದೆ. ಹೊಸ ಮಾಡೆಲ್, ಎಂಜಿನ್, ಮೈಲೇಜ್. ಆದರೆ ಟೈರ್ ಬದಲಾಯಿಸುವಾಗ ಚಕ್ರದ ಗತಿ ಏನಾಗುತ್ತದೆ ಅಂತ ಬರೆದಿದ್ದು ನಾನು ನೋಡಿಲ್ಲ. ಅದಕ್ಕೇ ಈ ಪತ್ರ.

ನನ್ನದು ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಿದ್ದು, ಆದರೂ ಚಕ್ರಗಳು ಹೊಸದರಂತೇ ಇದ್ದವು. ಹಿಂದಿನ ಟೈರ್‌ಗಳು ಸವೆದು ಬಂದಿದ್ದವು, ಮುಂದಿನವುಗಳ ರಬ್ಬರ್ ಗಟ್ಟಿಯಾಗಿತ್ತು, ಹಾಗಾಗಿ ನಾಲ್ಕನ್ನೂ ಒಟ್ಟಿಗೆ ಬದಲಾಯಿಸಲು ಕೊಟ್ಟೆ. ಒಂದು ಗಂಟೆ ಬಿಟ್ಟು ಹೋದರೆ ಕಾರು ರೆಡಿ, ಟೈರ್‌ಗೆ ಪಾಲಿಶ್ ಬೇರೆ ಹಾಕಿದ್ದರು. ಮನೆಗೆ ಬಂದು ಬಟ್ಟೆ ಹಿಡಿದು ಒರೆಸಲು ಕೂತಾಗ ಕಾಣಿಸಿತು: ಎಡಗಡೆ ಮುಂದಿನ ಚಕ್ರದ ಅಂಚಿನಲ್ಲಿ ಮೂರು ಬೆರಳಗಲದ ಗೀರು. ಉಗುರು ಆಡಿಸಿದರೆ ಸಿಕ್ಕಿಕೊಳ್ಳುವಷ್ಟು ಆಳ. ಬೋಲ್ಟ್ ಹಾಕುವ ತೂತುಗಳ ಒಳಗೂ ಸುತ್ತಲೂ ಬಣ್ಣ ಕೆತ್ತಿಹೋಗಿ ಬಿಳಿ ಲೋಹ ಇಣುಕುತ್ತಿತ್ತು. ಫೋನ್ ಮಾಡಿದೆ. "ಸಾರ್, ಲೋ ಪ್ರೊಫೈಲ್ ಟೈರ್ ಅಂದ್ರೆ ಇಷ್ಟೆಲ್ಲಾ ಮಾಮೂಲಿ" ಅಂದರು.

ಮಾಮೂಲಿ ಅಲ್ಲ. ಅದನ್ನು ಹೇಳೋಕೇ ಈ ಪತ್ರ ಬರೆಯುತ್ತಿದ್ದೇನೆ.

ಕೆಲಸ ಕಷ್ಟದ್ದು, ಅದನ್ನು ಒಪ್ಪುತ್ತೇನೆ. 195/65 ಅಂತ ಬರೆದಿರುವ ಟೈರ್‌ನ ಪಕ್ಕದ ಗೋಡೆ ಸುಮಾರು 127 ಮಿ.ಮೀ. ಎತ್ತರ ಇರುತ್ತದೆ (195 ಅಂದರೆ ಟೈರ್ ಅಗಲ ಮಿ.ಮೀ.ನಲ್ಲಿ, ಅದರಲ್ಲಿ ನೂರಕ್ಕೆ 65 ಭಾಗ, ಲೆಕ್ಕ ಅಷ್ಟೇ). ಅದೇ 255/35ರಂಥ ಲೋ ಪ್ರೊಫೈಲ್, ಅಂದರೆ ಗಿಡ್ಡ ಗೋಡೆಯ ಟೈರ್‌ನಲ್ಲಿ 89 ಮಿ.ಮೀ. ಮಾತ್ರ, ಮೇಲಾಗಿ ಬಗ್ಗದಷ್ಟು ಬಿರುಸು. ಅದನ್ನು ರಿಮ್ ಅಂಚು ದಾಟಿಸಿ ಕೂರಿಸಬೇಕು. ಆದರೆ ರಿಮ್ ಮಾಡಿದವರು ಇದಕ್ಕೆ ದಾರಿ ಇಟ್ಟಿದ್ದಾರೆ. ರಿಮ್‌ನ ಒಳಮೈಯಲ್ಲಿ ಸುತ್ತಲೂ ಒಂದು ತಗ್ಗು ಇರುತ್ತದೆ. ಟೈರ್‌ನ ಅಂಚನ್ನು, ಅಂದರೆ ಬೀಡ್ ಅನ್ನು, ಒಂದು ಕಡೆ ಆ ತಗ್ಗಿಗೆ ಒತ್ತಿ ಹಿಡಿದರೆ ಎದುರು ಕಡೆ ಸಡಿಲ ಸಿಗುತ್ತದೆ, ಆಗ ಅದು ಸಲೀಸಾಗಿ ಒಳಗೆ ಇಳಿಯುತ್ತದೆ. ಒತ್ತಿ ಹಿಡಿಯದೆ ಸುಮ್ನೆ ಲಿವರ್ ಹಾಕಿ ಎಳೆದರೆ ಆ ಬಲವೆಲ್ಲಾ ರಿಮ್ ಅಂಚಿನ ಮೇಲೆ. ಲಿವರ್ ಜಾರಿದರೆ ಗೀರು ಗ್ಯಾರಂಟಿ. ಬೀಡ್‌ಗೆ ಹಚ್ಚುವ ಪೇಸ್ಟ್ ಜಿಪುಣತನ ಮಾಡದೆ ಹಚ್ಚಿದರೆ ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಇನ್ನೊಂದು, ಮೆಷಿನ್‌ಗೆ ಬರುವ ಪ್ಲಾಸ್ಟಿಕ್ ಕವಚಗಳು. ರಿಮ್ ಹಿಡಿಯುವ ಹಲ್ಲುಗಳಿಗೆ, ಟೈರ್ ಕಳಚುವ ಕೊಕ್ಕಿನಂಥ ಭಾಗಕ್ಕೆ, ಲಿವರ್‌ಗೆ, ಎಲ್ಲಕ್ಕೂ ಕವಚ ಸಿಗುತ್ತದೆ. ಬೆರಳುದ್ದದ ಸಣ್ಣ ತುಂಡುಗಳು. ಕೆಲಸ ಮಾಡ್ತಾ ಮಾಡ್ತಾ ಸವೆಯುತ್ತವೆ, ಒಡೆಯುತ್ತವೆ, ಆಗ ಹೊಸದು ಹಾಕಬೇಕು. ನನ್ನ ಕಾರಿಗೆ ಕೆಲಸ ಮಾಡಿದ ಮೆಷಿನ್ ನೋಡಲು ಆಮೇಲೆ ನಾನೇ ಹೋದೆ. ಕೊಕ್ಕಿನ ಮೇಲೆ ಪ್ಲಾಸ್ಟಿಕ್ಕೇ ಇರಲಿಲ್ಲ, ಬರೀ ಕಬ್ಬಿಣ, ಅದರ ತುದಿ ಉಜ್ಜಿ ಉಜ್ಜಿ ಕನ್ನಡಿ ಥರ ಹೊಳೀತಿತ್ತು. ನೋಡಿ ಹೊಟ್ಟೆ ಉರಿಯಿತು. ಎಷ್ಟು ಜನರ ಚಕ್ರ ಅದರ ಕೆಳಗೆ ಹೋಗಿರಬೇಡ!

ಬೋಲ್ಟ್ ತೂತಿನ ಗಾಯಕ್ಕೆ ಕಾರಣ ಬೋಲ್ಟ್ ಬಿಚ್ಚುವ, ಬಿಗಿಯುವ ಗನ್. ದಪ್ಪ ಸಾಕೆಟ್ ಹಾಕಿ ಗನ್ ಒತ್ತಿದರೆ ಅದು ತಿರುಗುತ್ತಾ ತೂತಿನ ಗೋಡೆಯನ್ನು ಕೆರೆಯುತ್ತದೆ. ಇದಕ್ಕೂ ತೆಳು ಗೋಡೆಯ, ಹೊರಗೆ ಪ್ಲಾಸ್ಟಿಕ್ ತೋಳು ಇರುವ ಸಾಕೆಟ್ ಬರುತ್ತದೆ. ಹಾಕುವಾಗ ಬೋಲ್ಟನ್ನು ಮೊದಲು ಕೈಯಲ್ಲೇ ತಿರುಗಿಸಿ, ಕೊನೆಯ ಬಿಗಿತ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ), ಎದುರುಬದುರು ಬೋಲ್ಟ್‌ಗಳನ್ನು ಸರದಿಯಲ್ಲಿ ಬಿಗಿಯಬೇಕು. ಎಷ್ಟು ಬಿಗಿಯಬೇಕು ಅನ್ನೋ ಅಂಕಿ ಕಾರಿನ ಪುಸ್ತಕದಲ್ಲಿ ಇದ್ದೇ ಇರುತ್ತದೆ. ಗನ್‌ನಲ್ಲಿ ಗರ್‌ ಅಂತ ಬಿಗಿದು ಕಳಿಸೋದು ಅಂದಕ್ಕೂ ಕೆಟ್ಟದ್ದು, ಬೋಲ್ಟ್‌ಗೂ ಕೆಟ್ಟದ್ದು. 100 ಕಿ.ಮೀ. ಓಡಿಸುವುದರೊಳಗೆ ಇನ್ನೊಮ್ಮೆ ಬಿಗಿತ ನೋಡಿಸಿ.

ಮತ್ತೆ ಆ ಸಿಮೆಂಟ್ ನೆಲ. ಬಿಚ್ಚಿದ ಚಕ್ರವನ್ನು ಮುಖ ಕೆಳಗೆ ಮಾಡಿ ನೆಲದ ಮೇಲೆ ಇಟ್ಟು, ಕಾಲಲ್ಲಿ ತಳ್ಳಿಕೊಂಡು ಮೆಷಿನ್ ಹತ್ತಿರ ಒಯ್ಯೋದನ್ನ ನಾನು ಕಣ್ಣಾರೆ ನೋಡಿದ್ದೇನೆ. ಒಂದು ರಬ್ಬರ್ ಮ್ಯಾಟ್ ಹಾಸಿದರೆ ಮುಗೀತು ಅಲ್ವಾ? ಬ್ಯಾಲೆನ್ಸಿಂಗ್ ತೂಕಗಳೂ ಅಷ್ಟೇ. ಅಂಚಿಗೆ ಸುತ್ತಿಗೆಯಲ್ಲಿ ಬಡಿದು ಸಿಕ್ಕಿಸುವ ತೂಕ ಅಲಾಯ್ ಚಕ್ರದ ಅಂಚು ಹಾಳು ಮಾಡುತ್ತದೆ. ಒಳಗಡೆ ಅಂಟಿಸುವ ತೂಕ ಕೇಳಿ.

ಗೀರು ಬಿದ್ದ ಚಕ್ರ ಓಡೋಕೆ ತೊಂದರೆ ಇಲ್ಲ ಅಂತ ಹಲವರು ಸಮಾಧಾನ ಹೇಳಿದರು. ಅಂಥ ಮೇಲ್ಮೈ ಗೀರಿನಿಂದ ಚಕ್ರ ಮುರಿಯುವುದಿಲ್ಲ, ನಿಜ. ಆದರೆ ಚಕ್ರದ ಮೇಲಿನ ಪಾರದರ್ಶಕ ಲೇಪ ಒಮ್ಮೆ ಹರಿದರೆ ಅದರಡಿಗೆ ನೀರು, ಉಪ್ಪು ಸೇರಿಕೊಳ್ಳುತ್ತದೆ. ಕೆಲವು ತಿಂಗಳಲ್ಲಿ ಬಿಳಿ ಹುಳ ಹರಿದಂಥ ಗೆರೆಗಳು ಒಳಗೊಳಗೇ ಹಬ್ಬುತ್ತವೆ. ಡೈಮಂಡ್ ಕಟ್ ಚಕ್ರ, ಅಂದರೆ ಮುಖವನ್ನು ಲೇತ್‌ನಲ್ಲಿ ಹೆರೆದು ಹೊಳಪು ಕೊಟ್ಟ ಚಕ್ರ ಆದರೆ ಇನ್ನೂ ಸಂಕಟ. ಅದನ್ನು ಸರಿ ಮಾಡಬೇಕಾದರೆ ಲೇತ್‌ಗೆ ಕಟ್ಟಿ ಮುಖದ ಲೋಹವನ್ನೇ ತೆಳ್ಳಗೆ ಹೆರೆಯಬೇಕು. ಎಷ್ಟು ಸಲ ಅಂತ ಹೆರೀತೀರಿ? ಮುಖ ತೆಳ್ಳಗಾಗುತ್ತಾ ಹೋಗುತ್ತದೆ, ಒಂದು ಹಂತದ ನಂತರ ಆಗಲ್ಲ ಅಂತಾರೆ.

ಹಿಂದಿನ ಎರಡು ಟೈರ್ ಮತ್ತೆ ಬೇಗ ಸವೆದವು. ಸ್ಪೋರ್ಟ್ಸ್ ಟೈರ್‌ಗಳ ಮೆದು ರಬ್ಬರಿಗೆ, ಹಿಂದಿನ ಚಕ್ರ ಎಳೆಯುವ ಕಾರಿಗೆ ಅದು ಸಹಜ. ಈ ಸಲ ಬೇರೆ ಕಡೆ ಹೋದೆ, ಹೋಗುವ ಮುಂಚೆ ಚಕ್ರ ತೊಳೆದು ನಾಲ್ಕರ ಫೋಟೊನೂ ತೆಗೆದುಕೊಂಡೆ. ಅಲ್ಲಿದ್ದ ವಯಸ್ಸಾದ ಮೇಸ್ತ್ರಿ ಮೊದಲು ಒದ್ದೆ ಬಟ್ಟೆಯಲ್ಲಿ ರಿಮ್ ಒರೆಸಿ, ಅಂಚಿನ ಸುತ್ತ ಹೆಬ್ಬೆರಳು ಆಡಿಸಿ, "ಇಲ್ಲೊಂದು ಹಳೇ ಗುರುತಿದೆ, ನೋಡಿಕೊಳ್ಳಿ" ಅಂತ ನನಗೇ ತೋರಿಸಿದರು. ಹಲ್ಲುಗಳಿಗೆ ಹೊಸ ಪ್ಲಾಸ್ಟಿಕ್ ಹಾಕಿದರು. ಗಾಳಿ ಒತ್ತಡ ತಿಳಿಸುವ ಸೆನ್ಸರ್ ವಾಲ್ವ್ ಬುಡದಲ್ಲಿ ಇರುತ್ತದಲ್ಲ, ಬೀಡ್ ಬಿಡಿಸುವಾಗ ಆ ಜಾಗವನ್ನು ದೂರ ಇಟ್ಟುಕೊಂಡರು. ಟೈರ್ ಮೇಲೆ "ಔಟ್‌ಸೈಡ್" ಅಂತ ಬರೆದಿರುವ ಪಕ್ಕ ಹೊರಗಡೆ ಬಂದಿದೆಯಾ ಅಂತ ಎರಡು ಸಲ ನೋಡಿದರು. ಗಾಳಿ ತುಂಬುವಾಗ 40 ಪಿ.ಎಸ್.ಐ. ದಾಟಿಸಲಿಲ್ಲ. ಬೀಡ್ ಕೂರದೇ ಇದ್ದಾಗ ಗಾಳಿ ಬಿಟ್ಟು, ಮತ್ತೆ ಪೇಸ್ಟ್ ಹಚ್ಚಿ, ಮತ್ತೆ ತುಂಬಿದರು. ಟಪ್, ಟಪ್ ಅಂತ ಎರಡು ಸದ್ದು. ಆಯ್ತು. ಒಂದು ಚಕ್ರಕ್ಕೆ ಹತ್ತು ನಿಮಿಷ ಜಾಸ್ತಿ ಹಿಡಿದಿರಬಹುದು, ಒಂದೇ ಒಂದು ಗೀರಿಲ್ಲ. ಅವತ್ತು ನಾನು ಅವರ ಕೈ ಹಿಡಿದು ಥ್ಯಾಂಕ್ಸ್ ಹೇಳಿದೆ.

ಓದುಗರಿಗೆ ನನ್ನ ಮಾತು ಇಷ್ಟೇ: ಕಾರು ಬಿಟ್ಟು ಹೋಗಬೇಡಿ, ಹತ್ತಿರ ನಿಲ್ಲಿ, ಪ್ಲಾಸ್ಟಿಕ್ ಕವಚ ಇದೆಯಾ ಅಂತ ಕೆಲಸ ಶುರುವಾಗೋ ಮುಂಚೆ ಕೇಳಿ. ಕಾರು ಎತ್ತುವ ಮೊದಲು ಜಾಕ್ ಎಲ್ಲಿ ಇಡಬೇಕು ಅನ್ನೋದನ್ನೂ ಹೇಳಿ, ತಗ್ಗು ಕಾರುಗಳಲ್ಲಿ ಎಲ್ಲೆಂದರಲ್ಲಿ ಇಟ್ಟರೆ ಬಾಗಿಲ ಕೆಳಗಿನ ಪಟ್ಟಿ, ಅಂದರೆ ಸೈಡ್ ಸ್ಕರ್ಟ್ ಒಡೆಯುತ್ತದೆ. ಅವಸರ ಇದ್ದ ದಿನ ಟೈರ್ ಹಾಕಿಸಲೇಬೇಡಿ, ನಮ್ಮ ಅವಸರ ಹುಡುಗರ ಕೈಗೆ ದಾಟುತ್ತದೆ.

ಟೈರ್ ಅಂಗಡಿಯವರಲ್ಲಿ ಒಂದು ಕೋರಿಕೆ. ಕಾರು ಒಳಗೆ ತೆಗೆದುಕೊಳ್ಳುವಾಗಲೇ ನಾಲ್ಕು ಚಕ್ರಗಳನ್ನು ಮಾಲೀಕರ ಜತೆ ನಿಂತು ನೋಡಿ, ಇರುವ ಗೀರುಗಳನ್ನು ಜಾಬ್ ಕಾರ್ಡ್‌ನಲ್ಲಿ ಬರೆದು, ಇಬ್ಬರೂ ಸಹಿ ಹಾಕಿ. ಹಳೇ ಗೀರಿಗೆ ನಿಮ್ಮನ್ನು ಬೈಯುವವರಿಂದ ನಿಮಗೂ ರಕ್ಷಣೆ, ಹೊಸ ಗೀರು ಬಿದ್ದರೆ ನಮಗೂ ಕೇಳಲು ಒಂದು ಕಾಗದ ಇರುತ್ತದೆ.

ಇಂತಿ,
ಒಬ್ಬ ಓದುಗ