ಏಟು ತಿಂದು ಬಂದವಳಿಗೆ ರಾತ್ರಿ ತಂಗಲು ತಾಲ್ಲೂಕಿನಲ್ಲೇ ಜಾಗ ಕೊಡಿ

ಮಾನ್ಯ ಸಂಪಾದಕರೇ,

ನಾನು ಪಾವಗಡ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಬಹಳ ವರ್ಷ ಅಂಗನವಾಡಿ ನಡೆಸಿ ನಿವೃತ್ತಳಾದವಳು. ಊರಲ್ಲಿ ಈಗಲೂ ಟೀಚರಮ್ಮ ಅಂತಲೇ ಕರೆಯುತ್ತಾರೆ. ಗಂಡನ ಏಟು ತಾಳಲಾರದೆ ಹೊರಟು ಬಂದ ಹೆಣ್ಣುಮಕ್ಕಳು ರಾತ್ರಿ ನಮ್ಮ ಮನೆ ಬಾಗಿಲು ತಟ್ಟುವುದು ಇನ್ನೂ ನಿಂತಿಲ್ಲ. ಅವರ ಪರವಾಗಿ ಒಂದು ಮಾತು ಕೇಳಬೇಕಿದೆ. ಅಂಥವಳು ಆ ರಾತ್ರಿ ಎಲ್ಲಿ ಮಲಗಬೇಕು?

ಕಾನೂನು ಚೆನ್ನಾಗಿಯೇ ಇದೆ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆ ಕಾಯ್ದೆ ಬಂದದ್ದು 2005ರಲ್ಲಿ, ಜಾರಿಯಾದದ್ದು 2006ರ ಅಕ್ಟೋಬರ್‌ನಲ್ಲಿ. ಆಶ್ರಯ ಕೇಳಿದವಳಿಗೆ ಆಶ್ರಯ ಮನೆಯವರು ಜಾಗ ಕೊಡಬೇಕು ಎಂದು ಅದರಲ್ಲಿದೆ. ಅರ್ಜಿ ಕೋರ್ಟಿಗೆ ತಲುಪಿದ ಮೇಲೆ ಸಾಮಾನ್ಯವಾಗಿ ಮೂರು ದಿನದೊಳಗೆ ಮೊದಲ ವಿಚಾರಣೆ ಆಗಬೇಕು. ನೊಂದವಳ ನೆರವಿಗೆಂದು ಈ ಕಾಯ್ದೆಯಡಿ ಸರ್ಕಾರ ನೇಮಿಸುವ ರಕ್ಷಣಾಧಿಕಾರಿಗೆ ಅಕ್ಕಪಕ್ಕದವರು ಕೂಡ ವಿಷಯ ಮುಟ್ಟಿಸಬಹುದು, ಒಳ್ಳೆಯ ಮನಸ್ಸಿನಿಂದ ಹೇಳಿದವರ ಮೇಲೆ ಕೇಸು ಬೀಳುವುದಿಲ್ಲ. ಇದನ್ನೆಲ್ಲ ತಾಯಂದಿರ ಸಭೆಗಳಲ್ಲಿ ನಾನೇ ಹೇಳಿಕೊಟ್ಟಿದ್ದೇನೆ.

ಆದರೆ ಕೋರ್ಟು, ಆಫೀಸು ತೆರೆಯುವುದು ಬೆಳಿಗ್ಗೆ. ಅವನು ಕುಡಿದು ಬರುವುದು ರಾತ್ರಿ.

ಜಿಲ್ಲಾ ಕೇಂದ್ರದಲ್ಲಿ ಸಖಿ ಒನ್ ಸ್ಟಾಪ್ ಸೆಂಟರ್ ಇದೆ. ಅಲ್ಲಿ ಐದು ದಿನದವರೆಗೆ ತಂಗಬಹುದು. ಚಿಕಿತ್ಸೆ, ವಕೀಲರು, ಪೊಲೀಸ್ ನೆರವು ಒಂದೇ ಕಡೆ ಸಿಗುತ್ತದೆ. ಆದರೆ ಪಾವಗಡದಿಂದ ತುಮಕೂರು ನೂರು ಕಿಲೋಮೀಟರ್ ಹತ್ತಿರ, ಮಧುಗಿರಿ ದಾಟಿ ಹೋಗಬೇಕು. ನಮ್ಮೂರಿಂದ ಪಾವಗಡಕ್ಕೇ ಕತ್ತಲಾದ ಮೇಲೆ ಬಸ್ಸಿಲ್ಲ. ಶಕ್ತಿ ಯೋಜನೆಯಲ್ಲಿ ಪುಕ್ಕಟೆ ಹೋಗಬಹುದು, ನಿಜ. ಅದಕ್ಕೆ ಆಧಾರ್ ಕಾರ್ಡೋ ವೋಟರ್ ಕಾರ್ಡೋ ತೋರಿಸಬೇಕಲ್ವಾ? ಮಗುವನ್ನು ಸೊಂಟಕ್ಕೇರಿಸಿಕೊಂಡು ಓಡಿ ಬಂದವಳ ಕಾರ್ಡು ಗಂಡನ ಮನೆ ಟ್ರಂಕಿನಲ್ಲಿರುತ್ತದೆ. ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತದಲ್ಲ ಅಂತ ಕೆಲವರು ಕೇಳುತ್ತಾರೆ. ರೇಷನ್ ಕಾರ್ಡಿನಲ್ಲಿ ಯಜಮಾನಿ ಅತ್ತೆಯಾದರೆ ಆ ದುಡ್ಡು ಅತ್ತೆಯ ಖಾತೆಗೇ ಹೋಗುತ್ತದೆ.

ತವರಿಗೆ ಹೋಗಲಿ ಎನ್ನುವವರು ನಮ್ಮ ತಾಲ್ಲೂಕಿನ ನಕ್ಷೆ ನೋಡಬೇಕು. ಮೂರು ದಿಕ್ಕಿಗೂ ಆಂಧ್ರ. ನಮ್ಮ ಸೊಸೆಯರಲ್ಲಿ ಎಷ್ಟೋ ಜನ ಮಡಕಶಿರಾ, ಹಿಂದೂಪುರ, ಕಲ್ಯಾಣದುರ್ಗದ ಕಡೆಯವರು. ಕಷ್ಟ ಹೇಳಿಕೊಳ್ಳುವಾಗ ಬಾಯಿಗೆ ಬರುವುದು ತೆಲುಗೇ. ಅಲ್ಲಿಗೆ ಗಡಿ ದಾಟಿ ಹೋಗಬೇಕು. ಹೇಗೋ ತವರು ಮುಟ್ಟಿದರೂ ನಾಲ್ಕು ದಿನ ಇಟ್ಟುಕೊಂಡು, ಹಿರಿಯರ ಜೊತೆ ವಾಪಸ್ ತಂದು ಬಿಡುತ್ತಾರೆ. ಅರಳಿಕಟ್ಟೆಯಲ್ಲಿ ಪಂಚಾಯ್ತಿ ಆಗುತ್ತದೆ. 'ಮಕ್ಕಳ ಮುಖ ನೋಡಿಕೊಂಡು ಸುಧಾರಿಸಿಕೊಂಡು ಹೋಗಮ್ಮ' ಎಂದು ಎದ್ದು ಹೋಗುತ್ತಾರೆ. ಮದುವೆಗೆ ಇನ್ನೊಬ್ಬ ಮಗಳಿರುವ ಅಪ್ಪನ ಸಂಕಟ ನನಗೆ ಅರ್ಥವಾಗುತ್ತದೆ. ಕಟ್ಟೆ ಮೇಲೆ ಕೂತು ತೀರ್ಪು ಹೇಳುವವರನ್ನು ಮಾತ್ರ ನನ್ನ ಕೈಲಿ ಕ್ಷಮಿಸಲು ಆಗುವುದಿಲ್ಲ.

ಒಬ್ಬ ಹುಡುಗಿಯ ಮುಂಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ಅತ್ತೆ ಪಕ್ಕದಲ್ಲೇ ನಿಂತಿದ್ದರಿಂದ 'ಬಚ್ಚಲಲ್ಲಿ ಜಾರಿ ಬಿದ್ದೆ' ಅಂದಳು. ಹಾಗೇ ಚೀಟಿಯಲ್ಲಿ ದಾಖಲಾಯಿತು. ಬರೆದುಕೊಂಡವರ ತಪ್ಪಿಲ್ಲ. ಅದೇ ಹುಡುಗಿ ಮುಂದೊಂದು ದಿನ ನನ್ನ ಪಕ್ಕ ಮಲಗಿ, ದೀಪ ಆರಿಸಿದ ಮೇಲೆ ನಿಜ ಹೇಳಿದಳು. ಕೈಯದ್ದಷ್ಟೇ ಅಲ್ಲ. ಬೇಡ ಅಂದರೂ ಬಿಡದೆ ಮೈಮೇಲೆ ಬೀಳುತ್ತಾನೆ ಎನ್ನುವುದನ್ನೂ ಹೇಳಿದಳು. ಗಂಡ ಮಾಡುವ ಲೈಂಗಿಕ ದೌರ್ಜನ್ಯವೂ ಈ ಕಾಯ್ದೆಯಡಿ ಬರುತ್ತದೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ಇಂಥ ಮಾತು ಆಫೀಸಿನ ಮೇಜಿನ ಮುಂದೆ ಹೊರಬರುವುದಿಲ್ಲ. ಒಂದು ರಾತ್ರಿ ಹೆದರಿಕೆಯಿಲ್ಲದೆ ನಿದ್ದೆ ಮಾಡಿದ ಮೇಲೆ ಬರುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ, ಗಂಡನಿಂದ ದೌರ್ಜನ್ಯ ಅನುಭವಿಸಿದ್ದೇವೆ ಎಂದ ಮಹಿಳೆಯರು ನಮ್ಮ ರಾಜ್ಯದಲ್ಲಿ ನೂರಕ್ಕೆ 44 ಮಂದಿ. ದೇಶದಲ್ಲೇ ಜಾಸ್ತಿ. ಇಷ್ಟಿದ್ದೂ ತಾಲ್ಲೂಕಿನಲ್ಲಿ ರಕ್ಷಣಾಧಿಕಾರಿಯ ಹೊಣೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಅವರ ಹೆಗಲ ಮೇಲಿದೆ. ಮೊಟ್ಟೆ ಸರಬರಾಜು, ಗೃಹಲಕ್ಷ್ಮಿ ಅರ್ಜಿ, ಚುನಾವಣೆ ಕೆಲಸ ಎಲ್ಲ ಮುಗಿಸಿ ಮನೆಯಲ್ಲಿ ನಡೆದ ದೌರ್ಜನ್ಯವನ್ನು ಕೋರ್ಟಿಗೆ ತಿಳಿಸುವ ಕೌಟುಂಬಿಕ ಘಟನಾ ವರದಿ ಬರೆಯಬೇಕು. ಒಬ್ಬರಿಂದ ಆಗುವ ಕೆಲಸವೇ ಇದು? 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ತಾಲ್ಲೂಕು ಮಟ್ಟದಲ್ಲಿ ರಕ್ಷಣಾಧಿಕಾರಿಗಳನ್ನು ಗೊತ್ತುಮಾಡಿ, ಆಶ್ರಯ ಮನೆಗಳ ವ್ಯವಸ್ಥೆ ಮಾಡಿ ಎಂದು ಎಲ್ಲ ರಾಜ್ಯಗಳಿಗೂ ಹೇಳಿದೆ.

ಹಾಗಾಗಿ ನನ್ನ ಬೇಡಿಕೆ ಇಷ್ಟು. ದೂರದ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆ ಆವರಣದಲ್ಲೇ ಎರಡು ಕೋಣೆ ಕೊಡಿ. ಆಸ್ಪತ್ರೆ ರಾತ್ರಿಯೂ ತೆರೆದಿರುತ್ತದೆ, ನರ್ಸ್ ಇರುತ್ತಾರೆ. ಮುಖ್ಯವಾಗಿ, ಆಸ್ಪತ್ರೆಗೆ ಹೋಗಿದ್ದೆ ಅಂದರೆ ಊರಲ್ಲಿ ಯಾರೂ ಕೊಂಕು ತೆಗೆಯುವುದಿಲ್ಲ. ಒಬ್ಬ ಮಹಿಳಾ ಕಾವಲುಗಾರ್ತಿ ಬೇಕು. ಜನರ ಭಾಷೆ ಬಲ್ಲ ಆಪ್ತಸಮಾಲೋಚಕಿ ಬೇಕು, ನಮ್ಮ ಕಡೆಗಾದರೆ ತೆಲುಗು ಬಲ್ಲವರು. ಬೆಳಿಗ್ಗೆ ಅಲ್ಲಿಂದಲೇ ವರದಿ ಬರೆಸಿ ಕೋರ್ಟಿಗೆ ಕಳಿಸುವ, ಅದೊಂದೇ ಕೆಲಸಕ್ಕಿರುವ ರಕ್ಷಣಾಧಿಕಾರಿ ಬೇಕು. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿದವಳಿಗೆ, ಪೊಲೀಸರ 112ರ ಗಾಡಿ ಹತ್ತಿದವಳಿಗೆ 'ಇಲ್ಲಿಗೆ ಬಾ' ಎಂದು ಹೇಳಲು ಹತ್ತಿರದಲ್ಲೊಂದು ವಿಳಾಸ ಇರಲಿ. ಹಾಸಿಗೆ, ಹೊದಿಕೆ, ಮಕ್ಕಳ ಬಟ್ಟೆ ಹೊಂದಿಸಿಕೊಡಲು ನಮ್ಮೂರ ಸ್ತ್ರೀಶಕ್ತಿ ಸಂಘದವರು ಈಗಲೇ ತಯಾರಿದ್ದಾರೆ.

ನನ್ನ ಹೆಸರು, ಊರು ಅಚ್ಚು ಹಾಕಬೇಡಿ. ಹಾಕಿದರೆ ಆ ಹೆಣ್ಣುಮಕ್ಕಳು ಯಾರೆಂದು ಗೊತ್ತಾಗಿಬಿಡುತ್ತದೆ.

ಇಂತಿ,
ನಿವೃತ್ತ ಅಂಗನವಾಡಿ ಕಾರ್ಯಕರ್ತೆ
ಪಾವಗಡ ತಾಲ್ಲೂಕು, ತುಮಕೂರು ಜಿಲ್ಲೆ