ನಿನ್ನ ಹೆಸರನ್ನು ಹೊತ್ತವರು

ಮಂಗಳೂರು,
ಅಕ್ಟೋಬರ್ ತಿಂಗಳ ಮೊದಲ ಭಾನುವಾರ

ಪ್ರೀತಿಯ ಕ್ಯಾಥ್ಲೀನ್,

ಕಳೆದ ವಾರ ಫೋನಿನಲ್ಲಿ ನೀನು ಆಡಿದ ಮಾತು ನನ್ನ ಮನಸ್ಸಿನಿಂದ ಹೋಗಿಲ್ಲ. ನಿನ್ನ ಜೊತೆ ಒಂದೇ ಮನೆಯಲ್ಲಿರುವ ಡಬ್ಲಿನ್ನಿನ ಹುಡುಗಿಯರು ‘ಇದು ನಮ್ಮ ಅಜ್ಜಿಯಂದಿರ ಕಾಲದ ಹೆಸರು’ ಎಂದು ನಕ್ಕರೆಂದೂ, ಅವರ ಹೆಸರನ್ನು ಇಟ್ಟುಕೊಂಡು ಅವರ ಊರಿನಲ್ಲೇ ಓಡಾಡಲು ನಿನಗೆ ಸಂಕೋಚವಾಗುತ್ತದೆಂದೂ, ಇನ್ನು ಮುಂದೆ ‘ಕೇಟ್’ ಎಂದು ಕರೆಸಿಕೊಳ್ಳುವ ಯೋಚನೆಯಿದೆಯೆಂದೂ ಹೇಳಿದೆ. ಆಗ ನಾನು ಸುಮ್ಮನಿದ್ದೆ. ಹೇಳಬೇಕೆನಿಸಿದ್ದು ಬಹಳವಿತ್ತು, ಅಷ್ಟನ್ನೂ ಕ್ರಮವಾಗಿ ಹೇಳಲು ನನಗೆ ಕಾಗದವೇ ಬೇಕು.

ಈ ಹೆಸರು ನಿನಗೆ ಬಂದದ್ದು ನನ್ನ ತಾಯಿಯಿಂದ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ ಇಡುವುದು ನಮ್ಮಲ್ಲಿ ಮೊದಲಿನಿಂದ ಬಂದ ವಾಡಿಕೆ. ಜ್ಞಾನಸ್ನಾನದ ದಿನ ಇಗರ್ಜಿಯಲ್ಲಿ ಪಾದ್ರಿಗಳು ಆ ಹೆಸರನ್ನು ಉಚ್ಚರಿಸಿದಾಗ ನಿನ್ನ ಅಜ್ಜಿ ಅತ್ತದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಹಾಗೆ ನೋಡಿದರೆ ಅದು ಮೂಲದಲ್ಲಿ ಐರ್ಲೆಂಡಿನದೂ ಅಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಗೆ ಬಂದಿಳಿದ ನಾರ್ಮನ್ನರು ಕ್ಯಾಥರೀನ್ ಸಂತಳ ಹೆಸರನ್ನು ತಮ್ಮ ಫ್ರೆಂಚ್ ಮಾತಿನ ರೂಪದಲ್ಲಿ ತಂದರು, ಐರಿಷರ ನಾಲಿಗೆಯಲ್ಲಿ ಅದು ‘ಕಾಟ್ಲೀನ್’ ಆಯಿತು, ಅದನ್ನು ಇಂಗ್ಲಿಷಿನವರು ತಮ್ಮ ಕಾಗುಣಿತದಲ್ಲಿ ಬರೆದುಕೊಂಡಾಗ ನಿನ್ನ ಈಗಿನ ಹೆಸರು ಹುಟ್ಟಿತು. ಐರಿಷ್ ಬರವಣಿಗೆಯಲ್ಲಿ ಈ ಹೆಸರಿನ ಕೊನೆಯ ಸ್ವರದ ಮೇಲೆ ಒಂದು ಓರೆ ಗೆರೆ ಇರುತ್ತದೆ. ಆ ಗೆರೆಯನ್ನು ಅವರು ‘ಫಾದಾ’ ಎನ್ನುತ್ತಾರೆ. ಆ ಮಾತಿನ ಅರ್ಥ ‘ಉದ್ದ’. ನಮ್ಮ ‘ದೀರ್ಘ’ವೇ ಅದು! ಒಂದನೇ ತರಗತಿಯಲ್ಲಿ ನೀನು ನಿನ್ನ ಹೆಸರನ್ನು ದೀರ್ಘವಿಲ್ಲದೆ ‘ಕ್ಯಾಥ್ಲಿನ್’ ಎಂದು ಬರೆದು ತಂದಾಗಲೆಲ್ಲ ನಾನು ಪೆನ್ಸಿಲ್ ಹಿಡಿದು ತಿದ್ದುತ್ತಿದ್ದುದು ನೆನಪಿದೆಯೇ?

ನಾವು ಕನ್ನಡನಾಡನ್ನು ಭುವನೇಶ್ವರಿ ಎಂದು ಕರೆಯುವ ಹಾಗೆ ಐರಿಷರು ತಮ್ಮ ನಾಡನ್ನು ಈ ಹೆಸರಿನ ಹೆಣ್ಣಾಗಿ ಕಂಡರು. 1902ರಲ್ಲಿ ಡಬ್ಲಿನ್ನಿನಲ್ಲಿ ಆಡಿದ ಒಂದು ನಾಟಕದಲ್ಲಿ ಆಕೆ, ಕಳೆದುಹೋದ ನಾಲ್ಕು ಹೊಲಗಳಿಗಾಗಿ ಹಲುಬುತ್ತ ಮನೆಬಾಗಿಲಿಗೆ ಬರುವ ಮುದುಕಿ. ಆದರೆ ನನ್ನನ್ನು ಹಿಡಿದಿಟ್ಟವರು ಆ ಪ್ರತಿಮೆಗಿಂತಲೂ ಹೆಚ್ಚಾಗಿ, ಅದೇ ಹೆಸರು ಹೊತ್ತು ನಿಜವಾಗಿ ಬದುಕಿದ ಹೆಂಗಸರು.

ಕ್ಯಾಥ್ಲೀನ್ ಲಿನ್ 1874ರ ಜನವರಿ 28ರಂದು ಮೇಯೋ ಕೌಂಟಿಯಲ್ಲಿ, ಪ್ರೊಟೆಸ್ಟೆಂಟ್ ಪಾದ್ರಿಯೊಬ್ಬರ ಮಗಳಾಗಿ ಹುಟ್ಟಿದರು. ಸುತ್ತಲಿನ ಹಳ್ಳಿಗಳ ಬಡತನವನ್ನು ಕಂಡೇ ವೈದ್ಯಳಾಗಬೇಕೆಂದು ನಿಶ್ಚಯಿಸಿ, 1899ರಲ್ಲಿ ಪದವಿ ಪಡೆದ ಅವರಿಗೆ ಡಬ್ಲಿನ್ನಿನ ಆಸ್ಪತ್ರೆಯೊಂದರಲ್ಲಿ ಹೆಣ್ಣೆಂಬ ಕಾರಣಕ್ಕೆ ಕೆಲಸ ತಪ್ಪಿತು. ಬ್ರಿಟಿಷರ ಆಳ್ವಿಕೆಯ ವಿರುದ್ಧ 1916ರಲ್ಲಿ ಎದ್ದ ಈಸ್ಟರ್ ದಂಗೆಯಲ್ಲಿ ಅವರು ಐರಿಷ್ ಸಿಟಿಜನ್ ಆರ್ಮಿ ಎಂಬ ಕಾರ್ಮಿಕರ ಪಡೆಯ ಮುಖ್ಯ ವೈದ್ಯಾಧಿಕಾರಿಯಾಗಿ ಸಿಟಿ ಹಾಲ್‌ನಲ್ಲಿದ್ದರು. ಅಲ್ಲಿನ ನಾಯಕ ಗುಂಡೇಟಿಗೆ ಬಿದ್ದ ಮೇಲೆ ಉಳಿದವರಲ್ಲಿ ಹಿರಿಯ ಅಧಿಕಾರಿ ಅವರೇ ಆಗಿದ್ದುದರಿಂದ, ಬ್ರಿಟಿಷ್ ಸೈನಿಕರಿಗೆ ಶರಣಾಗತಿಯನ್ನು ಒಪ್ಪಿಸಿದವರೂ ಅವರೇ. ಸೆರೆಮನೆಯಿಂದ ಬಂದ ಮೇಲೆ ಮಾಡಿದ ಕೆಲಸ ನನಗೆ ಇನ್ನೂ ದೊಡ್ಡದೆನಿಸುತ್ತದೆ. ಡಬ್ಲಿನ್ನಿನ ಬಡವರ ಕೇರಿಗಳಲ್ಲಿ ಹಸುಗೂಸುಗಳು ಒಂದರ ಹಿಂದೊಂದು ಸಾಯುತ್ತಿದ್ದ ಕಾಲ ಅದು. 1919ರಲ್ಲಿ ಅವರು ಗೆಳತಿ ಮ್ಯಾಡಲೀನ್ ಫ್ರೆಂಚ್-ಮಲೆನ್ ಅವರೊಡನೆ ಚಾರ್ಲಮಾಂಟ್ ಬೀದಿಯಲ್ಲಿ, ಕೈಯಲ್ಲಿದ್ದ 70 ಪೌಂಡ್ ಹಣ ಮತ್ತು ಎರಡು ತೊಟ್ಟಿಲುಗಳಿಂದ, ಶಿಶುಗಳಿಗೆಂದೇ ಸೇಂಟ್ ಅಲ್ಟನ್ ಆಸ್ಪತ್ರೆಯನ್ನು ಆರಂಭಿಸಿದರು. 1930ರ ದಶಕದಲ್ಲಿ ಐರ್ಲೆಂಡಿಗೆ ಬಿಸಿಜಿ ಲಸಿಕೆಯನ್ನು ತಂದ ಡೊರೊತಿ ಪ್ರೈಸ್ ಕೆಲಸ ಮಾಡಿದ್ದು ಇದೇ ಆಸ್ಪತ್ರೆಯಲ್ಲಿ. ಲಿನ್ 1923ರಲ್ಲಿ ಸಂಸತ್ತಿಗೆ ಆಯ್ಕೆಯಾದರು, ಆದರೆ ತಮ್ಮ ಪಕ್ಷದ ನಿಲುವಿನಂತೆ ಅಲ್ಲಿ ಹೋಗಿ ಕೂರಲಿಲ್ಲ. ಅವರಿಗೆ ಕೂರಲು ಮಕ್ಕಳ ಹಾಸಿಗೆಯ ಪಕ್ಕವಿತ್ತು.

ಎರಡನೆಯವರು ಕ್ಯಾಥ್ಲೀನ್ ಕ್ಲಾರ್ಕ್. ಲಿಮರಿಕ್‌ನ ಡೇಲಿ ಮನೆತನದಲ್ಲಿ 1878ರಲ್ಲಿ ಹುಟ್ಟಿ, ಹೊಲಿಗೆ ಕಲಿತು, ಚಿಕ್ಕ ವಯಸ್ಸಿನಲ್ಲೇ ಸ್ವಂತ ವ್ಯಾಪಾರ ನಡೆಸಿದವರು. ಹೊಲಿಗೆ ಯಂತ್ರ ತುಳಿದು ನನ್ನನ್ನೂ ನಿನ್ನ ಚಿಕ್ಕಪ್ಪನನ್ನೂ ಓದಿಸಿದ ಇನ್ನೊಬ್ಬ ಕ್ಯಾಥ್ಲೀನಳ ಮಗನಾದ ನನಗೆ ಈ ವಿವರ ಬಹಳ ಹತ್ತಿರದ್ದು. ಇಂಗ್ಲೆಂಡಿನ ಜೈಲುಗಳಲ್ಲಿ 15 ವರ್ಷ ಕಳೆದು ಬಂದಿದ್ದ ಟಾಮ್ ಕ್ಲಾರ್ಕ್ ಅವರನ್ನು 1901ರಲ್ಲಿ ನ್ಯೂಯಾರ್ಕಿಗೆ ಹೋಗಿ ಮದುವೆಯಾದರು. 1916ರ ಆ ದಂಗೆಯ ಸ್ವಾತಂತ್ರ್ಯ ಘೋಷಣೆಗೆ ಮೊದಲು ಸಹಿ ಹಾಕಿದವರು ಆ ಟಾಮ್. ಮೇ 3ರ ಬೆಳಗಿನ ಜಾವ ಕಿಲ್ಮೈನಮ್ ಜೈಲಿನಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಅದಕ್ಕೆ ಕೆಲವು ಗಂಟೆಗಳ ಮುಂಚೆ ಗಂಡನನ್ನು ಕೊನೆಯ ಬಾರಿ ನೋಡಲು ಹೋದ ಕ್ಯಾಥ್ಲೀನ್ ತಾನು ಗರ್ಭಿಣಿಯೆಂಬುದನ್ನು ಹೇಳದೆಯೇ ಹಿಂತಿರುಗಿದರು; ಸಾವಿನ ಮುಂದೆ ನಿಂತವನ ಭಾರವನ್ನು ಹೆಚ್ಚಿಸಲು ಅವರಿಗೆ ಮನಸ್ಸಾಗಲಿಲ್ಲ. ಮಾರನೆಯ ರಾತ್ರಿ ಅದೇ ಜೈಲಿಗೆ ಮತ್ತೆ ಹೋಗಬೇಕಾಯಿತು, ಈ ಸಲ 25 ವರ್ಷದ ತಮ್ಮ ನೆಡ್ ಡೇಲಿಯನ್ನು ಬೀಳ್ಕೊಡಲು. ಹೊಟ್ಟೆಯಲ್ಲಿದ್ದ ಮಗುವೂ ಉಳಿಯಲಿಲ್ಲ. ಮೂರು ಗಂಡುಮಕ್ಕಳನ್ನು ಕಟ್ಟಿಕೊಂಡು ಆಕೆ ಮೊದಲು ಕೈಗೆತ್ತಿಕೊಂಡದ್ದು ಸತ್ತವರ ಮತ್ತು ಸೆರೆಯಾದವರ ಸಂಸಾರಗಳಿಗೆ ಹಣ ಹಂಚುವ ಕೆಲಸವನ್ನು. 1939ರಲ್ಲಿ ಅವರು ಡಬ್ಲಿನ್ನಿನ ಲಾರ್ಡ್ ಮೇಯರ್ ಆದರು. ಆ ಪೀಠವೇರಿದ ಮೊದಲ ಹೆಣ್ಣು ಅವರು. ಮೇಯರ್ ನಿವಾಸದಲ್ಲಿ ತೂಗುಹಾಕಿದ್ದ ವಿಕ್ಟೋರಿಯಾ ರಾಣಿಯ ಚಿತ್ರವನ್ನು ಹೊರಗೆ ಸಾಗಿಸಿದ ಮೇಲೆಯೇ ಅವರಿಗೆ ಅಲ್ಲಿ ನೆಮ್ಮದಿ.

ಜನವರಿ 28ರಂದೇ, 1903ರಲ್ಲಿ, ಕಿಲ್ಡೇರ್ ಕೌಂಟಿಯ ನ್ಯೂಬ್ರಿಜ್ ಎಂಬಲ್ಲಿ ಅಂಚೆ ಕಚೇರಿಯ ಅಧಿಕಾರಿಯೊಬ್ಬರ ಹತ್ತನೆಯ ಮಗುವಾಗಿ ಇನ್ನೊಬ್ಬ ಕ್ಯಾಥ್ಲೀನ್ ಹುಟ್ಟಿದರು. ತಾಯಿ ಮಕ್ಕಳನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದಾಗ ಆಕೆಗೆ ಐದು ವರ್ಷ. ಹೆಣ್ಣುಮಕ್ಕಳ ಶಾಲೆಯಲ್ಲಿ ಭೌತಶಾಸ್ತ್ರವನ್ನೂ ಮೇಲಿನ ಗಣಿತವನ್ನೂ ಕಲಿಸದ ಕಾರಣ ಆ ಪಾಠಗಳಿಗಾಗಿ ಗಂಡುಹುಡುಗರ ಶಾಲೆಗೆ ಹೋದರು. ಮದುವೆಯ ನಂತರ ಕ್ಯಾಥ್ಲೀನ್ ಲಾನ್ಸ್‌ಡೇಲ್ ಎನಿಸಿಕೊಂಡು, 1929ರಲ್ಲಿ, ಆರು ಇಂಗಾಲದ ಪರಮಾಣುಗಳು ಸೇರಿ ಆದ ಬೆಂಜೀನ್ ಉಂಗುರ ಚಪ್ಪಟೆಯಾಗಿದೆ ಎಂಬುದನ್ನು ಹರಳುಗಳ ಮೇಲೆ ಎಕ್ಸ್-ಕಿರಣ ಹಾಯಿಸಿ ತೋರಿಸಿಕೊಟ್ಟರು. ರಸಾಯನಶಾಸ್ತ್ರಜ್ಞರು ದಶಕಗಳಿಂದ ವಾದಿಸುತ್ತಿದ್ದ ವಿಷಯ ಅದು. ಮಕ್ಕಳು ಚಿಕ್ಕವರಿದ್ದಾಗ ಮನೆಯಲ್ಲೇ ಕುಳಿತು ಉದ್ದುದ್ದ ಲೆಕ್ಕಗಳನ್ನು ಕೈಯಲ್ಲೇ ಮಾಡಿದರು. 1940ರ ದಶಕದಲ್ಲಿ, ವಜ್ರದ ಎಕ್ಸ್-ಕಿರಣ ಚಿತ್ರಗಳಲ್ಲಿ ಮೂಡುವ ಹೆಚ್ಚಿನ ಮಸುಕು ಚುಕ್ಕೆಗಳಿಗೆ ಕಾರಣವೇನು ಎಂಬ ಬಗ್ಗೆ ನಮ್ಮ ಬೆಂಗಳೂರಿನಲ್ಲಿ ಕುಳಿತಿದ್ದ ಸಿ. ವಿ. ರಾಮನ್ ಅವರ ವಿವರಣೆಯನ್ನು ಒಪ್ಪದೆ ವಾದ ಹೂಡಿದವರಲ್ಲಿ ಇವರೂ ಒಬ್ಬರು. ಪರಮಾಣುಗಳ ಉಷ್ಣ ಕಂಪನವೇ ಕಾರಣವೆಂಬ ಪಕ್ಷವೇ ಮುಂದೆ ನಿಂತಿತು. ನಾನು ರಾಮನ್ ಅವರನ್ನು ಪೂಜ್ಯಭಾವದಿಂದ ಕಾಣುವವನು. ಆದರೂ ನೊಬೆಲ್ ಪಡೆದವರ ಎದುರು ತನ್ನ ಕಣ್ಣು ಕಂಡದ್ದನ್ನು ಬಿಟ್ಟುಕೊಡದ ಈಕೆಯ ಧೈರ್ಯ ನನಗೆ ಮೆಚ್ಚುಗೆಯಾಯಿತು. ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರಾದ ಅವರು ನಾಗರಿಕ ರಕ್ಷಣೆಯ ಪಟ್ಟಿಗೆ ಹೆಸರು ಕೊಡಲಿಲ್ಲ, ದಂಡವನ್ನೂ ಕಟ್ಟಲಿಲ್ಲ. ಮೂರು ಮಕ್ಕಳ ತಾಯಿಯೆಂದು ಆ ಕೆಲಸದಿಂದ ಹೇಗೂ ವಿನಾಯಿತಿ ಸಿಗುತ್ತಿತ್ತು. ಆದರೆ ಹೆಸರು ಕೊಡುವುದೇ ಅವರ ಮನಸ್ಸಾಕ್ಷಿಗೆ ಒಪ್ಪಲಿಲ್ಲ. ಅದಕ್ಕಾಗಿ 1943ರಲ್ಲಿ ಒಂದು ತಿಂಗಳು ಹಾಲೊವೇ ಜೈಲಿನಲ್ಲಿದ್ದರು. ಎರಡೇ ವರ್ಷಗಳ ನಂತರ, 1945ರಲ್ಲಿ, ಬ್ರಿಟನ್ನಿನ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಯು ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಇಬ್ಬರು ಹೆಂಗಸರನ್ನು ಫೆಲೋಗಳಾಗಿ ಆರಿಸಿತು; ಅವರಲ್ಲಿ ಒಬ್ಬರು ಈ ಕ್ಯಾಥ್ಲೀನ್.

ಇನ್ನೊಬ್ಬರನ್ನು ನೀನು ದಿನವೂ ದಾಟಿ ಹೋಗುತ್ತೀಯೆ. ನಿನ್ನ ತರಗತಿಗಳು ನಡೆಯುವ ಡಬ್ಲಿನ್ ಸಿಟಿ ಯೂನಿವರ್ಸಿಟಿಯ ಕಂಪ್ಯೂಟಿಂಗ್ ಕಟ್ಟಡಕ್ಕೆ 2017ರಲ್ಲಿ ಮೆಕ್‌ನಲ್ಟಿ ಎಂಬ ಹೆಸರಿಟ್ಟರಲ್ಲ, ಆ ಮೆಕ್‌ನಲ್ಟಿಯ ಮೊದಲ ಹೆಸರು ನಿನ್ನದೇ. ಡೊನೆಗಾಲ್ ಕೌಂಟಿಯ ಕ್ರೀಸ್‌ಲೋ ಬಳಿ 1921ರ ಫೆಬ್ರವರಿ 12ರಂದು ಆಕೆ ಹುಟ್ಟಿದ ರಾತ್ರಿಯೇ, ಕ್ರಾಂತಿಕಾರಿಗಳ ಜೊತೆಗಿದ್ದ ತಂದೆಯನ್ನು ಮನೆಯಿಂದ ಹಿಡಿದೊಯ್ದರು. ಅವರು ಬಿಡುಗಡೆಯಾದ ಮೇಲೆ ಸಂಸಾರ ಅಮೆರಿಕಕ್ಕೆ ವಲಸೆ ಹೋಯಿತು; ಆಗ ಮೂರು ವರ್ಷದ ಆ ಮಗುವಿಗೆ ಐರಿಷ್ ಬಿಟ್ಟರೆ ಇಂಗ್ಲಿಷಿನ ಒಂದು ಮಾತೂ ಬರುತ್ತಿರಲಿಲ್ಲ. ಒಂದನೇ ತರಗತಿಯ ಬಾಗಿಲಲ್ಲಿ ಕೊಂಕಣಿಯೊಂದನ್ನೇ ನಾಲಿಗೆಯ ಮೇಲಿಟ್ಟುಕೊಂಡು ನನ್ನ ಕೈಬೆರಳು ಹಿಡಿದು ನಿಂತಿದ್ದ ನೀನು ಆ ಮಗುವಿನ ಸ್ಥಿತಿಯನ್ನು ಊಹಿಸಬಲ್ಲೆ.

1942ರಲ್ಲಿ ಗಣಿತದಲ್ಲಿ ಪದವಿ ಪಡೆದ ಆಕೆ ಪತ್ರಿಕೆಯಲ್ಲಿ ಬಂದ ಜಾಹೀರಾತನ್ನು ನೋಡಿ ಸೈನ್ಯದ ಕೆಲಸಕ್ಕೆ ಸೇರಿದರು. ಹುದ್ದೆಯ ಹೆಸರು ‘ಕಂಪ್ಯೂಟರ್’. ಆಗ ಆ ಪದ ಯಂತ್ರವನ್ನಲ್ಲ, ಲೆಕ್ಕ ಮಾಡುವ ಮನುಷ್ಯರನ್ನು ಸೂಚಿಸುತ್ತಿತ್ತು. ಫಿರಂಗಿಯಿಂದ ಹಾರಿದ ಒಂದು ಗುಂಡಿನ ಹಾದಿಯನ್ನು ಮೇಜಿನ ಗಣಕದಲ್ಲಿ ಲೆಕ್ಕ ಹಾಕಲು ಒಬ್ಬರಿಗೆ 30ರಿಂದ 40 ಗಂಟೆ ಹಿಡಿಯುತ್ತಿತ್ತು. ಅದನ್ನು ಅರ್ಧ ನಿಮಿಷದೊಳಗೆ ಮುಗಿಸಲೆಂದು ಸುಮಾರು 18,000 ನಿರ್ವಾತ ನಳಿಕೆಗಳ ಎನಿಯಾಕ್ ಎಂಬ ಎಲೆಕ್ಟ್ರಾನಿಕ್ ಗಣಕಯಂತ್ರವನ್ನು ಕಟ್ಟಿದಾಗ, ಅದಕ್ಕೆ ಕೆಲಸ ಹೇಳಿಕೊಡಲು ಆರಿಸಿದ ಆರು ಹೆಂಗಸರಲ್ಲಿ ಮೆಕ್‌ನಲ್ಟಿಯೂ ಒಬ್ಬರು. ಪಠ್ಯಪುಸ್ತಕವಿರಲಿಲ್ಲ, ಪ್ರೋಗ್ರಾಮಿಂಗ್ ಭಾಷೆಯಿರಲಿಲ್ಲ. ಭದ್ರತೆಯ ಕಾರಣದಿಂದ ಮೊದಮೊದಲು ಯಂತ್ರವಿದ್ದ ಕೋಣೆಗೂ ಅವರನ್ನು ಬಿಡಲಿಲ್ಲ. ನಕ್ಷೆಗಳನ್ನು ಹರಡಿಕೊಂಡು ಒಂದೊಂದು ತಂತಿಯ ಜಾಡು ಹಿಡಿದು ಯಂತ್ರವನ್ನು ಅರಿತುಕೊಂಡರು. 1946ರ ಫೆಬ್ರವರಿಯಲ್ಲಿ ಯಂತ್ರವನ್ನು ಲೋಕಕ್ಕೆ ತೋರಿಸಿದ ದಿನ ಅದು ಮಾಡಿದ ಲೆಕ್ಕ ಈ ಹೆಂಗಸರು ಸಿದ್ಧಪಡಿಸಿದ್ದು. ಆ ರಾತ್ರಿಯ ಔತಣಕ್ಕೆ ಅವರನ್ನು ಯಾರೂ ಕರೆಯಲಿಲ್ಲ. ಅವರು ಯಾರೆಂದು ಲೋಕ ವಿಚಾರಿಸುವ ಹೊತ್ತಿಗೆ ದಶಕಗಳೇ ಕಳೆದಿದ್ದವು. ಇದನ್ನು ಬರೆಯುವಾಗ ನನ್ನ ಕೈ ಬಿಗಿಯಾಗುತ್ತದೆ, ಮಗಳೇ.

ಈ ಸಾಲಿನಲ್ಲಿ, ಐರ್ಲೆಂಡಿನ ಹೆಂಗಸರು ಕೋಲು-ಚೆಂಡಿನಿಂದ ಆಡುವ ಕ್ಯಾಮೊಗಿ ಆಟದಲ್ಲಿ ಡಬ್ಲಿನ್ ತಂಡಕ್ಕಾಗಿ 15 ಬಾರಿ ಅಖಿಲ ಐರ್ಲೆಂಡ್ ಪದಕ ಗೆದ್ದ ಕ್ಯಾಥ್ಲೀನ್ ಮಿಲ್ಸ್ ಕೂಡ ಇದ್ದಾರೆ. ಆಟದ ವಿಷಯ ನನಗಿಂತ ನಿನ್ನ ತಮ್ಮನಿಗೆ ಚೆನ್ನಾಗಿ ಗೊತ್ತು, ಅವನೇ ನಿನಗೆ ಹೇಳಲಿ.

ಇವರ ಬದುಕುಗಳನ್ನು ಓದುತ್ತ ಹೋದಂತೆ ಒಂದು ಸಂಗತಿ ನನ್ನನ್ನು ತಡೆದು ನಿಲ್ಲಿಸಿತು. ಡೇಲಿ ಎಂಬವರು ಕ್ಲಾರ್ಕ್ ಆದರು. ಯಾರ್ಡ್ಲಿ ಎಂಬವರು ಲಾನ್ಸ್‌ಡೇಲ್ ಆದರು. ಮೆಕ್‌ನಲ್ಟಿ ಮೊದಲ ಮದುವೆಯಿಂದ ಮೊಕ್ಲಿ ಆಗಿ, ಗಂಡ ತೀರಿಕೊಂಡ ಮೇಲೆ ಎರಡನೆಯ ಮದುವೆಯಿಂದ ಆಂಟೊನೆಲ್ಲಿ ಆದರು. ಮದುವೆಯಾಗದೆ ಉಳಿದ ಲಿನ್ ಒಬ್ಬರನ್ನು ಬಿಟ್ಟರೆ ಇವರ ಕುಲನಾಮಗಳೆಲ್ಲ ಬದಲಾಗುತ್ತಲೇ ಹೋದವು. ಜ್ಞಾನಸ್ನಾನದ ಬಟ್ಟಲಿನಿಂದ ಸಮಾಧಿಯ ಕಲ್ಲಿನವರೆಗೆ ಜೊತೆಗೆ ಬಂದದ್ದು ಮೊದಲ ಹೆಸರು ಮಾತ್ರ. ನಿನ್ನ ಅಜ್ಜಿಯದೂ ಹಾಗೆಯೇ. ಅವರ ತವರಿನ ಕುಲನಾಮವನ್ನು ನಾನೇ ಇಗರ್ಜಿಯ ಹಳೆಯ ದಾಖಲೆ ಪುಸ್ತಕದಲ್ಲಿ ಹುಡುಕಿ ಖಚಿತಪಡಿಸಿಕೊಳ್ಳಬೇಕಾಯಿತು, ಆದರೆ ಅವರ ಹೆಸರನ್ನು ಮಾತ್ರ ನಿನ್ನನ್ನು ಊಟಕ್ಕೆ ಕರೆಯುವಾಗಲೆಲ್ಲ ನಾನು ಕೂಗಿದ್ದೇನೆ.

ನೀನು ಹೆಸರನ್ನು ಮೊಟಕು ಮಾಡಿಕೊಂಡರೆ ನನಗೆ ಸಿಟ್ಟಿಲ್ಲ. ಮೆಕ್‌ನಲ್ಟಿ ಅವರನ್ನೂ ಎಲ್ಲರೂ ಕರೆಯುತ್ತಿದ್ದುದು ‘ಕೇ’ ಎಂದೇ. ಐರ್ಲೆಂಡ್ ತನ್ನ ಸೂಪರ್ ಕಂಪ್ಯೂಟರಿಗೆ 2018ರಲ್ಲಿ ಇಟ್ಟ ಹೆಸರೂ ‘ಕೇ’. ಆದರೆ ಅದು ಸಂಕೋಚದಿಂದ ಆಗುವುದು ಬೇಡ. ನಿನ್ನ ಗೆಳತಿಯರು ಹೇಳಿದ್ದು ನಿಜವೇ, ಅದು ಅವರ ಅಜ್ಜಿಯಂದಿರ ಹೆಸರು. ನಿನ್ನ ಅಜ್ಜಿಯದೂ ಅದೇ ಎಂದು ಅವರಿಗೆ ಹೇಳು.

ಒಂದು ಕೆಲಸ ಮಾಡುತ್ತೀಯಾ? ಲಿನ್ ಮತ್ತು ಕ್ಲಾರ್ಕ್ ಇಬ್ಬರೂ ಮಲಗಿರುವುದು ಡಬ್ಲಿನ್ನಿನ ದಕ್ಷಿಣಕ್ಕಿರುವ ಡೀನ್ಸ್‌ಗ್ರೇಂಜ್ ಸ್ಮಶಾನದಲ್ಲಿ. ಬರುವ ನವೆಂಬರ್ 2ರಂದು, ಮೃತರ ಸ್ಮರಣೆಯ ದಿನ, ನಾನೂ ನಿನ್ನ ಮಮ್ಮಿಯೂ ಇಲ್ಲಿ ಅಜ್ಜಿಯ ಸಮಾಧಿಗೆ ಸೇವಂತಿಗೆ ಏರಿಸಿ ಮೇಣದಬತ್ತಿ ಹಚ್ಚುತ್ತೇವೆ. ಬಿಡುವಾದರೆ ನೀನು ಅಲ್ಲಿಗೆ ಹೋಗಿ ಅವರಿಬ್ಬರಿಗೂ ಒಂದೊಂದು ಹಚ್ಚು. ಲಿನ್ ನಮ್ಮ ಪಂಥದವರಲ್ಲವೆಂಬುದು ಇದಕ್ಕೆ ಅಡ್ಡಿಯಲ್ಲ.

ಚಳಿ ಶುರುವಾಗಿರಬೇಕು. ಮಮ್ಮಿ ಕಟ್ಟಿಕೊಟ್ಟ ಉಣ್ಣೆಯ ಸ್ವೆಟರನ್ನು ಪೆಟ್ಟಿಗೆಯಿಂದ ಹೊರಗೆ ತೆಗೆ. ಈ ಲಕೋಟೆಯ ಮೇಲೆ ನಿನ್ನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು, ಅದರ ಕೆಳಗೆ ಕನ್ನಡದಲ್ಲಿಯೂ ಬರೆದಿದ್ದೇನೆ, ದೀರ್ಘದ ಸಮೇತ.

ನಿನ್ನ ಪ್ರೀತಿಯ,
ಪಪ್ಪ