ನಾಳೆಯ ರೋಮ್ ಸುತ್ತಾಟ: ದಯವಿಟ್ಟು ಎಲ್ಲರೂ ಓದಿ

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಿಗ್ಗೆ 8ಕ್ಕೆ ಹೋಟೆಲ್ ಲಾಬಿಯಲ್ಲಿ ಸೇರೋಣ. ಬಸ್ ಯಾರಿಗೂ ಕಾಯುವುದಿಲ್ಲ.

ಮೊದಲು ಆಪಿಯನ್ ರಸ್ತೆಯ ಸಂತ ಕಲಿಸ್ಟಸ್ ಕ್ಯಾಟಕೂಂಬ್, ಅಂದರೆ ನೆಲದಡಿಯ ಸಮಾಧಿ ಸುರಂಗಗಳು. ಕ್ರೈಸ್ತರು ಇಲ್ಲಿ ಅಡಗಿ ಬದುಕುತ್ತಿದ್ದರು ಅಂತ ತುಂಬಾ ಜನ ಹೇಳುತ್ತಾರೆ, ಅದು ಸುಮ್ನೆ ಕಥೆ. ಇದು ಸ್ಮಶಾನ. ಊರೊಳಗೆ ಹೂಳುವುದಕ್ಕೆ ರೋಮನ್ ಕಾನೂನಿನಲ್ಲಿ ಅವಕಾಶ ಇರಲಿಲ್ಲ. ಹಾಗಾಗಿ ಊರ ಹೊರಗೆ, ಟಫ್ (tuff) ಅನ್ನುವ ಮೆತ್ತಗಿನ ಜ್ವಾಲಾಮುಖಿ ಬೂದಿ ಕಲ್ಲಿನಲ್ಲಿ ಸುರಂಗ ಕೊರೆದರು. 3ನೇ ಶತಮಾನದ ಹಲವು ಪೋಪ್‌ಗಳ ಸಮಾಧಿ ಕೋಣೆ ಇಲ್ಲಿದೆ. 1854ರಲ್ಲಿ ಅದನ್ನು ಪತ್ತೆ ಮಾಡಿದವರು ಇಟಲಿಯ ಪುರಾತತ್ವಜ್ಞ ಜೊವಾನ್ನಿ ಬತ್ತಿಸ್ತಾ ದೆ ರೊಸ್ಸಿ. ಒಳಗೆ ಗೈಡ್ ಜೊತೆಗೇ ಇರಬೇಕು, ಫೋಟೋ ತೆಗೆಯುವಂತಿಲ್ಲ. ಹೊರಗೆ ಎಷ್ಟೇ ಬಿಸಿಲಿದ್ದರೂ ಕೆಳಗೆ ತಂಪು, ಸ್ವೆಟರ್ ತನ್ನಿ. ಮಂಡಿನೋವು ಇರುವವರು, ಇಕ್ಕಟ್ಟು ಜಾಗ ಆಗದವರು ಇವತ್ತೇ ನನಗೆ ಮೆಸೇಜ್ ಮಾಡಿ. ಮೆಟ್ಟಿಲು ಜಾಸ್ತಿ ಇವೆ.

ಆಮೇಲೆ ಕೊಲೋಸಿಯಂ ಹತ್ತಿರದ ಸಾನ್ ಕ್ಲೆಮೆಂತೆ. ನನಗಂತೂ ಕೊಲೋಸಿಯಂಗಿಂತ ಇದೇ ಇಷ್ಟ. ಮೇಲೆ 12ನೇ ಶತಮಾನದ ಚರ್ಚ್, ಅದರಡಿ 4ನೇ ಶತಮಾನದ್ದು, ಇನ್ನೂ ಕೆಳಗೆ ರೋಮನ್ ಕಟ್ಟಡ ಮತ್ತು ರೋಮನ್ನರು ಪೂಜಿಸುತ್ತಿದ್ದ ಮಿತ್ರ (Mithras) ಅನ್ನುವ ದೇವರ ಗುಡಿ. ಹೋಳಿಗೆಯ ಅಟ್ಟಿಯ ಹಾಗೆ ಒಂದರ ಮೇಲೊಂದು! ಅಗೆತ ಶುರು ಮಾಡಿದ್ದು 1857ರಲ್ಲಿ, ಐರಿಷ್ ಪಾದ್ರಿ ಜೋಸೆಫ್ ಮುಲೂಲಿ. ಕೆಳಗೆ ನೀರು ಹರಿಯುವ ಸದ್ದು ಕೇಳುತ್ತದೆ, ಗಾಬರಿ ಬೇಡ.

ಭುಜ, ಮಂಡಿ ಮುಚ್ಚುವ ಬಟ್ಟೆ ಎಲ್ಲರಿಗೂ ಕಡ್ಡಾಯ. ಮಧ್ಯಾಹ್ನ ಊಟಕ್ಕೆ ಸಸ್ಯಾಹಾರ ಬೇಕಾದವರು ಈ ಮೆಸೇಜಿಗೆ ಹಸಿರು ಎಲೆ ಒತ್ತಿ.